ಮೊದಲು ಸೀಟು ಕೇಳಿ, ಆಮೇಲೆ ಮನೆ ಹಿಡೀರಿ

ಇಂಗ್ಲೆಂಡಿಗೆ ಸಂಸಾರ ಸಮೇತ ಹೊರಟವರಿಗೆ ಇವತ್ತು ಮತ್ತೆ ಅದೇ ಸಲಹೆ ಕೊಡುತ್ತಿರುವುದನ್ನು ನೋಡಿ ತಲೆ ಬಿಸಿಯಾಗಿದೆ. "ಔಟ್‌ಸ್ಟ್ಯಾಂಡಿಂಗ್ ಸ್ಕೂಲ್ ಹುಡುಕಿ, ಪಕ್ಕದಲ್ಲೇ ಮನೆ ಮಾಡಿ, ಮುಗೀತು." ಮುಗಿಯಲ್ಲ ಮಾರಾಯ್ರೆ! ಆ ಶಾಲೆಯಲ್ಲಿ, ನಿಮ್ಮ ಮಗುವಿನ ಕ್ಲಾಸಿನಲ್ಲಿ ಜಾಗ ಇದೆಯೇ ಅಂತ ಯಾಕೆ ಯಾರೂ ಕೇಳುವುದಿಲ್ಲ?

ಸರ್ಕಾರಿ ಶಾಲೆಗಳ ಮುಖ್ಯ ಪ್ರವೇಶಕ್ಕೆ ಕೊನೆಯ ದಿನ ಪ್ರೈಮರಿಗೆ ಜನವರಿ 15, ಸೆಕೆಂಡರಿಗೆ ಅದರ ಹಿಂದಿನ ಅಕ್ಟೋಬರ್ 31. ನಮ್ಮವರು ಹೊರಡುವುದು ವೀಸಾ ಬಂದಾಗ. ಹಾಗಾಗಿ ಹೆಚ್ಚಿನವರ ಪಾಲಿಗೆ ಉಳಿಯುವುದು 'ಇನ್-ಇಯರ್' (ಶಾಲಾ ವರ್ಷದ ನಡುವೆ ಹಾಕುವ) ಅರ್ಜಿ, ಅಂದರೆ ಯಾರಾದರೂ ಬಿಟ್ಟುಹೋದ ಸೀಟು. ರಿಸೆಪ್ಷನ್ (ಇಯರ್ 1ಕ್ಕಿಂತ ಮೊದಲಿನ ತರಗತಿ), ಇಯರ್ 1, ಇಯರ್ 2ರಲ್ಲಿ ಒಬ್ಬ ಟೀಚರಿಗೆ 30 ಮಕ್ಕಳು ಎಂಬುದು ಕಾನೂನಿನ ಮಿತಿ. ವಿನಾಯಿತಿಗಳು ಬೆರಳೆಣಿಕೆ. ನಿಮ್ಮದು 31ನೇ ಮಗುವಾದರೆ ಮನೆ ಶಾಲೆಯ ಗೇಟಿನ ಎದುರಿಗೇ ಇದ್ದರೂ ಸೀಟಿಲ್ಲ. ಈ ಮಿತಿಯ ವಿರುದ್ಧ ಮೇಲ್ಮನವಿ ಹಾಕಿ ಗೆಲ್ಲುವುದೂ ಬಹಳ ಕಷ್ಟ.

ಇನ್ನು ಆ 'ಔಟ್‌ಸ್ಟ್ಯಾಂಡಿಂಗ್' ಹಣೆಪಟ್ಟಿ. ಶಾಲೆಗಳನ್ನು ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆ ಆಫ್‌ಸ್ಟೆಡ್ ಕೊಡುತ್ತಿದ್ದ ಅತಿ ಮೇಲಿನ ದರ್ಜೆ ಅದು. 2012ರಿಂದ 2020ರವರೆಗೆ ಆ ದರ್ಜೆ ಪಡೆದ ಶಾಲೆಗಳಿಗೆ ಆಫ್‌ಸ್ಟೆಡ್‌ನ ವಾಡಿಕೆಯ ತಪಾಸಣೆಯಿಂದಲೇ ವಿನಾಯಿತಿ ಇತ್ತು. 2024ರ ಸೆಪ್ಟೆಂಬರಿನಿಂದ ಸರ್ಕಾರಿ ಶಾಲೆಗಳಿಗೆ ಒಂದೇ ಪದದ ಒಟ್ಟಾರೆ ದರ್ಜೆ ಕೊಡುವುದನ್ನೂ ನಿಲ್ಲಿಸಿದ್ದಾರೆ. ಶಾಲೆಯ ಬೇಲಿಗೆ ಕಟ್ಟಿದ ಆ ದರ್ಜೆಯ ಬ್ಯಾನರ್ ಎಷ್ಟು ಹಳೆಯದು ಅಂತ ನೋಡದೆ ಐದು ವಾರದ ಬಾಡಿಗೆಯನ್ನು ಡೆಪಾಸಿಟ್ ಕಟ್ಟಬೇಡಿ, ದಯವಿಟ್ಟು.

"ಮನೆ ಇಲ್ಲದೆ ವಿಳಾಸ ಇಲ್ಲ, ವಿಳಾಸ ಇಲ್ಲದೆ ಅರ್ಜಿ ಹೇಗೆ ಹಾಕೋದು?" ಅಂತ ಕೇಳುವವರಿದ್ದಾರೆ. ಅರ್ಜಿಗೆ ವಿಳಾಸ ಬೇಕು, ನಿಜ. ವಿಚಾರಿಸುವುದಕ್ಕೆ ಬೇಡವಲ್ಲ! ಬೆಂಗಳೂರಿನಲ್ಲಿ ಕೂತೇ ಆ ಊರಿನ ಕೌನ್ಸಿಲ್‌ನ (ಸ್ಥಳೀಯ ಆಡಳಿತದ) ಅಡ್ಮಿಷನ್ಸ್ ವಿಭಾಗಕ್ಕೆ ಮೇಲ್ ಹಾಕಿ: "ಈ ಪೋಸ್ಟ್‌ಕೋಡ್ ಸುತ್ತ ಇಯರ್ 2ರಲ್ಲಿ ಎಲ್ಲೆಲ್ಲಿ ಜಾಗ ಇದೆ?" ಕೆಲವು ಕಡೆ ಶಾಲೆಯ ಆಫೀಸಿಗೇ ಫೋನ್ ಮಾಡಬೇಕು. ಎರಡು-ಮೂರು ವಾರ ತಾತ್ಕಾಲಿಕ ವಸತಿಯಲ್ಲಿದ್ದು, ಜಾಗ ಇರುವ ಕಡೆ ಮನೆ ನೋಡಿ. ಅದಕ್ಕೆ ಖರ್ಚಾಗುತ್ತದೆ. ತಪ್ಪು ಮನೆಗೆ ಆಗುವ ಖರ್ಚು ಅದಕ್ಕಿಂತ ದೊಡ್ಡದು.

ಕೇಳುವಾಗ ಇಯರ್ ಸರಿಯಾಗಿ ಹೇಳಿ. ಆಗಸ್ಟ್ 31ಕ್ಕೆ 6 ತುಂಬಿದ್ದರೆ ಸೆಪ್ಟೆಂಬರಿನಲ್ಲಿ ಇಯರ್ 2. ಊರಲ್ಲಿ ಈಗಷ್ಟೇ ಒಂದನೇ ಕ್ಲಾಸಿಗೆ ಸೇರಿದ ಮಗು ಅದು! ಗಾಬರಿ ಬೇಡ, ಡಬಲ್ ಪ್ರಮೋಷನ್ ಅಲ್ಲ, ಅಲ್ಲಿ ವಯಸ್ಸೇ ಲೆಕ್ಕ. ಟಿಸಿ ಸಾಮಾನ್ಯವಾಗಿ ಕೇಳುವುದಿಲ್ಲ. ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ಬಾಡಿಗೆ ಕರಾರು ಕೈಯಲ್ಲಿರಲಿ.

ಇನ್-ಇಯರ್ ಅರ್ಜಿಗೆ 15 ಶಾಲಾ ದಿನಗಳೊಳಗೆ ಉತ್ತರ ಬರಬೇಕು. ಬೇಸಿಗೆ ರಜೆಯ ಆರು ವಾರ ಈ ಲೆಕ್ಕಕ್ಕಿಲ್ಲ, ಶಾಲೆಯ ಆಫೀಸುಗಳೂ ಬಹುಪಾಲು ಮುಚ್ಚಿರುತ್ತವೆ. ಜುಲೈ ಕೊನೆಗೆ ಬಂದಿಳಿದವರು ಸೆಪ್ಟೆಂಬರ್‌ವರೆಗೂ ಕಾಯುವುದು ಇದಕ್ಕೇ.

ದೂರದ ಶಾಲೆ ಕೊಟ್ಟರು ಅಂತ ಸಿಟ್ಟಿನಲ್ಲಿ ಬೇಡ ಅನ್ನುವವರನ್ನು ಕಂಡರೆ ಸಂಕಟವಾಗುತ್ತದೆ. ಬೇಡ ಅಂದರೆ ಇನ್ನೊಂದು ಶಾಲೆ ಕೊಡಲೇಬೇಕೆಂದಿಲ್ಲ. ಕೊಟ್ಟದ್ದನ್ನು ಒಪ್ಪಿಕೊಂಡರೆ ಬೇಕಾದ ಶಾಲೆಯ ವೇಟಿಂಗ್ ಲಿಸ್ಟಿನಲ್ಲಿ ನಿಮ್ಮ ಸ್ಥಾನ ಕೆಳಗಿಳಿಯುವುದೂ ಇಲ್ಲ. ಆ ಪಟ್ಟಿ ಅರ್ಜಿ ಹಾಕಿದ ದಿನಾಂಕದ ಮೇಲೆ ನಡೆಯುವುದಿಲ್ಲ. ದೂರ, ಅಣ್ಣ-ಅಕ್ಕ ಅಲ್ಲೇ ಓದುತ್ತಿದ್ದಾರೆಯೇ ಎಂಬಂಥ ನಿಯಮಗಳ ಮೇಲೆ ನಡೆಯುತ್ತದೆ. ನಿನ್ನೆ ಬಂದ ಹತ್ತಿರದ ಮನೆಯವರು ನಿಮ್ಮನ್ನು ದಾಟಿ ಮುಂದೆ ಹೋಗಬಹುದು.

ಇಬ್ಬರು ಮಕ್ಕಳಿದ್ದರೆ ಎರಡೂ ಇಯರ್‌ಗೆ ವಿಚಾರಿಸಿ. ಇಯರ್ 3ರಿಂದ ಮೇಲೆ ಆ 30ರ ಕಾನೂನು ಇಲ್ಲದ್ದರಿಂದ ದೊಡ್ಡವರಿಗೆ ಮೊದಲು ಸೀಟು ಸಿಗುವ ಸಾಧ್ಯತೆ ಹೆಚ್ಚು. ಅಕ್ಕ ಒಳಗೆ ಸೇರಿದ ಕೂಡಲೇ ತಮ್ಮನ ಅರ್ಜಿಯಲ್ಲಿ ಅದನ್ನು ಬರೆಸಿ. ಬಹಳಷ್ಟು ಶಾಲೆಗಳಲ್ಲಿ ಅವನು ಪಟ್ಟಿಯಲ್ಲಿ ಮೇಲೆ ಬರುತ್ತಾನೆ. ಇಲ್ಲದಿದ್ದರೆ ದಿನಾ ಬೆಳಿಗ್ಗೆ ಒಂಬತ್ತರ ಒಳಗೆ ಎರಡು ಬೇರೆ ಗೇಟುಗಳ ಮುಂದೆ ನಿಲ್ಲಬೇಕಾಗುತ್ತದೆ, ಅದೂ ಕಾರಿಲ್ಲದೆ, ಮಳೆಯಲ್ಲಿ.