ಇದು ನಕಲಲ್ಲ, ಬೇರೆಯದೇ ಅಡುಗೆ

ಅಮೆರಿಕದ ಫಿಲಡೆಲ್ಫಿಯಾ ನಗರದ ರೋಸ್ಟ್ ಪೋರ್ಕ್ (ಸುಟ್ಟ ಹಂದಿಮಾಂಸದ) ಸ್ಯಾಂಡ್‌ವಿಚ್ ಅಂದರೆ ಗರಿಗರಿ ಚರ್ಮ ಕಳೆದುಕೊಂಡ ಪೊರ್ಕೆಟ್ಟಾ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಈ ಮಾತು ಒಪ್ಪಲಾರೆ. ಪೊರ್ಕೆಟ್ಟಾ ಅಂದರೆ ಇಟಲಿಯ ಅಬ್ರುಝೊ ಕಡೆ ಮೂಳೆ ತೆಗೆದ ಇಡೀ ಹಂದಿಗೆ ಬೆಳ್ಳುಳ್ಳಿ, ರೋಸ್‌ಮೆರಿ ಎಂಬ ಘಮದ ಎಲೆ ತುಂಬಿ ಸುಡುವ ಅಡುಗೆ. ಅದು ಸಂತೆ, ಜಾತ್ರೆಯ ಊಟ. ಸೌತ್ ಫಿಲಡೆಲ್ಫಿಯಾದಲ್ಲಿ ಮಾಂಸವನ್ನು ತೆಳ್ಳಗೆ ಹೆಚ್ಚಿ, ಅದರದೇ ರಸದಲ್ಲಿ ಅದ್ದಿ, ಉದ್ದನೆಯ ಬ್ರೆಡ್ಡಿಗೆ ತುಂಬುತ್ತಾರೆ. ಅಷ್ಟು ರಸದಲ್ಲಿ ಗರಿಗರಿ ಚರ್ಮ ಹಾಕಿದರೆ ನೆನೆದು ಚಕ್ಕಳದಂತೆ ಆಗುತ್ತೆ, ಅಲ್ವಾ? ಇಲ್ಲಿ ಜಿಡ್ಡು ಮುರಿಯುವುದು ಬ್ರೊಕೊಲಿ ರಾಬ್ ಎಂಬ ಕಹಿ ಸೊಪ್ಪು. ಜೊತೆಗೆ ಚುರುಕು ರುಚಿಯ ಪ್ರೊವೊಲೋನೆ ಚೀಸ್. 1930ರಲ್ಲಿ ಶುರುವಾದ ಅಲ್ಲಿನ ಜಾನ್ಸ್ ರೋಸ್ಟ್ ಪೋರ್ಕ್ ಎಂಬ ಅಂಗಡಿಗೆ 2006ರಲ್ಲಿ ಅಮೆರಿಕದ ಅಡುಗೆ ಲೋಕದ ದೊಡ್ಡ ಗೌರವವಾದ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಸುಮ್ನೆ ಬಂದಿಲ್ಲ. ಅದೇ ಊರಿನ ಹೆಸರಾಂತ ಚೀಸ್‌ಸ್ಟೇಕ್ (ದನದ ಮಾಂಸ, ಚೀಸ್‌ನ ಸ್ಯಾಂಡ್‌ವಿಚ್) ಗದ್ದಲದಲ್ಲಿ ಈ ಊಟಕ್ಕೆ ಸಿಗಬೇಕಾದಷ್ಟು ಹೆಸರು ಸಿಗಲಿಲ್ಲ ಅನ್ನೋದೇ ನನ್ನ ಬೇಸರ.