ಹ್ಯಾಂಡ್‌ಬ್ರೇಕ್ ಬಿಡಿ, ಬೆರಳು ಪಳಗಿಸಿ

ಕಾರ್ ಗೇಮಲ್ಲಿ ಡ್ರಿಫ್ಟ್, ಅಂದ್ರೆ ಹಿಂಭಾಗ ಜಾರಿಸ್ತಾ ಗಾಡೀನ ಓರೆಯಾಗಿ ತಿರುವು ದಾಟಿಸೋದು, ಮಾಡ್ಬೇಕು ಅಂದ ಕೂಡ್ಲೇ ನಮ್ಮ ಹುಡುಗರು ಕೇಳೋ ಮೊದಲ ಪ್ರಶ್ನೆ, ಹ್ಯಾಂಡ್‌ಬ್ರೇಕ್ ಯಾವ ಬಟನ್ ಅಂತ. ಗೋಣಿಕೊಪ್ಪದಿಂದ ಸೋಮವಾರಪೇಟೆವರೆಗೆ ಎಲ್ಲರಿಗೂ ಇದೇ ಕಾಯಿಲೆ. ತಿರುವು ಬಂತು, ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರು, ಹ್ಯಾಂಡ್‌ಬ್ರೇಕ್ ಎಳೆದ್ರು, ಗಾಡಿ ಗಿರಕಿ ಹೊಡೆದು ಬಂದ ದಾರಿಗೇ ಮುಖ ಮಾಡಿ ನಿಂತ್ಕೊಳ್ತು. ಬೈಗುಳ ಮಾತ್ರ ಗೇಮಿಗೆ. ನನ್ನ ಪ್ರಕಾರ ಹಿಂಭಾಗ ಜಾರಿಸೋದು ಅಂಥ ವಿದ್ಯೆಯೇನಲ್ಲ, ಯಾರು ಬೇಕಾದ್ರೂ ಜಾರಿಸ್ತಾರೆ. ಜಾರಿದ್ದನ್ನ ತಿರುವು ಮುಗಿಯೋವರೆಗೆ ಹಾಗೇ ಹಿಡಿದಿಡೋದು ಕಷ್ಟ. ಅದಕ್ಕೆ ಪಳಗಬೇಕಾದ್ದು ಎಕ್ಸಲರೇಟರ್ ಒತ್ತೋ ಬೆರಳು.

ಮಳೆಗಾಲದಲ್ಲಿ ತೋಟದ ಜೀಪ್ ಓಡಿಸಿದವರಿಗೆ ಅರ್ಧ ಪಾಠ ಆಗಲೇ ಗೊತ್ತಿರುತ್ತೆ. ಫೋರ್ ವೀಲ್ ಹಾಕದೆ ಕೆಸರಿನ ಏರಲ್ಲಿ ತಿರುಗಿಸ್ತಾ ಒಂಚೂರು ಜಾಸ್ತಿ ರೇಸ್ ಕೊಟ್ರೆ ಹಿಂಭಾಗ ಕಾಫಿ ಗಿಡದ ಕಡೆ ಸರಿಯುತ್ತೆ. ಹಳೇ ಡ್ರೈವರ್ ಆದ್ರೆ ಗಾಬರಿಯಾಗಲ್ಲ. ಹಿಂಭಾಗ ಎಡಕ್ಕೆ ಹೋದ್ರೆ ಸ್ಟೇರಿಂಗೂ ಎಡಕ್ಕೆ. ಕಾಲನ್ನ ಪೂರ್ತಿ ಎತ್ತೋದೂ ಇಲ್ಲ, ಪೂರ್ತಿ ಅದುಮೋದೂ ಇಲ್ಲ. ಟೈರಿಗೆ ಇರೋ ಹಿಡಿತಕ್ಕೆ ಒಂದು ಮಿತಿ ಇದೆ. ಗಾಡೀನ ಮುಂದಕ್ಕೆ ತಳ್ಳೋಕೂ, ಪಕ್ಕಕ್ಕೆ ಜಾರದಂತೆ ತಡೆಯೋಕೂ ಅದೇ ಹಿಡಿತದಲ್ಲೇ ಪಾಲು ಹೋಗ್ಬೇಕು. ಜೋರಾಗಿ ರೇಸ್ ಕೊಟ್ಟು ಹಿಂದಿನ ಚಕ್ರ ಸುಮ್ನೆ ತಿರುಗೋಹಾಗೆ ಮಾಡಿದ್ರೆ ಪಕ್ಕದ ಹಿಡಿತಕ್ಕೆ ಏನೂ ಉಳಿಯಲ್ಲ. ಒಳ್ಳೇ ಗೇಮ್‌ಗಳು ಈ ಲೆಕ್ಕವನ್ನೇ ಹಾಕ್ತವೆ. 2014ರಲ್ಲಿ ಬಂದ ಅಸೆಟ್ಟೊ ಕೋರ್ಸಾವನ್ನ ಡ್ರಿಫ್ಟ್ ಮಾಡೋರು ಇವತ್ತಿಗೂ ಬಿಡದೆ ಇರೋದಕ್ಕೆ ಇದೂ ಒಂದು ಕಾರಣ.

ಹಾಗಾಗಿ ಮೊದಲು ಗಾಡಿ ನೋಡಿ ಆರಿಸ್ಕೊಳ್ಳಿ. ಹಿಂದಿನ ಚಕ್ರಕ್ಕೆ ಪವರ್ ಹೋಗೋ ಗಾಡಿ ಬೇಕು. ನಿಸಾನ್ ಸಿಲ್ವಿಯಾ ಆಗ್ಬಹುದು, ಟೊಯೊಟಾ ಎಇ86 ಆಗ್ಬಹುದು, ಕಲಿಯೋಕೆ ಎರಡೂ ಚೆನ್ನ. ನಮ್ಮ ಮನೆಗಳಲ್ಲಿರೋ ಆಲ್ಟೊ, ಸ್ವಿಫ್ಟ್ ಎಲ್ಲ ಮುಂದಿನ ಚಕ್ರದ್ದು. ಅವನ್ನ ಹ್ಯಾಂಡ್‌ಬ್ರೇಕ್ ಎಳೆದು ಒಂದ್ಸಲ ಜಾರಿಸ್ಬಹುದು ಅಷ್ಟೇ. ರೇಸ್ ಕೊಟ್ಟ ಕೂಡ್ಲೇ ಮುಂದಿನ ಚಕ್ರ ಗಾಡೀನ ಎಳೆದು ನೇರ ಮಾಡಿಬಿಡುತ್ತೆ. ಭತ್ತ ಕೊಯ್ದ ಗದ್ದೆಯಲ್ಲಿ ನಡೆಯೋ ಆಟೋಕ್ರಾಸ್ ಕಾರ್ ರೇಸ್ ನೋಡಿದವರು ನೆನಪು ಮಾಡ್ಕೊಳ್ಳಿ. ಕೊನೇ ತಿರುವಲ್ಲಿ ಹಿಂಭಾಗ ಎಸೆದು, ಧೂಳೆಬ್ಬಿಸಿ, ತಕ್ಷಣ ನೇರ ಆಗಿ ಹೋಗ್ತಾರೆ. ನೋಡೋಕೆ ಭಾರೀ ಚೆಂದ, ಆದ್ರೆ ನಾನು ಹೇಳ್ತಿರೋ ಡ್ರಿಫ್ಟ್ ಅದಲ್ಲ.

ಶುರುಮಾಡೋಕೆ ದಾರಿ ಬೇಕಾದಷ್ಟಿವೆ. ಕ್ಲಚ್ ಒತ್ತಿ, ಇಂಜಿನ್ ಕೂಗಿಸಿ, ಫಟ್ ಅಂತ ಬಿಡೋದು ಒಂದು. ತಿರುವಿನೊಳಗೆ ಹೋಗ್ತಾ ಬ್ರೇಕ್ ಹಿಡಿದು ಭಾರವನ್ನೆಲ್ಲ ಮುಂದಕ್ಕೆ ತಂದು ಹಿಂಭಾಗ ಹಗುರ ಮಾಡೋದು ಇನ್ನೊಂದು. ಪವರ್ ಜಾಸ್ತಿ ಇರೋ ಗಾಡಿಗೆ ಬರೀ ರೇಸ್ ಸಾಕು. ನನಗೆ ಇಷ್ಟ ಆಗೋದು ಫೇಂಟ್. ರ‍್ಯಾಲಿಯವರು ಇದನ್ನ ಸ್ಕ್ಯಾಂಡಿನೇವಿಯನ್ ಫ್ಲಿಕ್ ಅಂತಾರೆ. ಬಲಕ್ಕೆ ತಿರುವು ಇದ್ರೆ ಮೊದಲು ಎಡಕ್ಕೆ ಒಂದು ಸಣ್ಣ ಎಳೆತ. ಗಾಡಿ ಭಾರ ಒಂದು ಪಕ್ಕಕ್ಕೆ ವಾಲುತ್ತೆ. ಆ ಕ್ಷಣಕ್ಕೆ ಎಕ್ಸಲರೇಟರ್ ಬಿಟ್ಟು ಬಲಕ್ಕೆ ತಿರುಗಿಸಿದ್ರೆ ವಾಲಿದ ಭಾರ ಇನ್ನೊಂದು ಪಕ್ಕಕ್ಕೆ ತೂಗಿ ಹಿಂಭಾಗವನ್ನ ತಾನೇ ಹೊರಗೆ ಎಸೆಯುತ್ತೆ. ಕೂಡ್ಲೇ ಮತ್ತೆ ರೇಸ್. ಹ್ಯಾಂಡ್‌ಬ್ರೇಕ್ ಮುಟ್ಟೋ ಪ್ರಮೇಯವೇ ಬರಲ್ಲ, ವೇಗವೂ ಸಾಯಲ್ಲ.

ಇನ್ನು ಹಿಡಿದಿಡೋ ವಿಷಯ. ಅಕ್ಕನ ಮಗ ರಜೆಗೆ ಬಂದಾಗ ಕಂಟ್ರೋಲರ್ ಹಿಡಿದು, "ಮಾವ, ಜಾರುತ್ತೆ, ಆದ್ರೆ ಅರ್ಧದಲ್ಲೇ ಇನ್ನೊಂದು ಕಡೆಗೆ ಒದ್ದು ಗೋಡೆಗೆ ಹೋಗುತ್ತೆ" ಅಂದ. ಅವನ ಬೆರಳು ನೋಡ್ದೆ. ಗಾಡಿ ಸ್ವಲ್ಪ ಜಾಸ್ತಿ ಜಾರಿದ್ರೆ ಸಾಕು, ಹೆದರಿ ಟ್ರಿಗರ್, ಅಂದ್ರೆ ಕಂಟ್ರೋಲರಿನ ಎಕ್ಸಲರೇಟರ್ ಬಟನ್, ಪೂರ್ತಿ ಬಿಡ್ತಿದ್ದ. ಬಿಟ್ಟ ತಕ್ಷಣ ಹಿಂದಿನ ಟೈರಿಗೆ ಹಿಡಿತ ವಾಪಸ್ ಬರುತ್ತೆ. ಮುಂದಿನ ಚಕ್ರ ಇನ್ನೂ ತಿರುವಿನ ಉಲ್ಟಾ ದಿಕ್ಕಿಗೆ ತಿರುಗೇ ಇರುತ್ತೆ, ಗಾಡಿ ಆ ಕಡೆಗೇ ಹಾರುತ್ತೆ. ತಪ್ಪು ಸ್ಟೇರಿಂಗಿನದ್ದು ಅಂತ ಅವನ ವಾದ. ಟ್ರಿಗರನ್ನ ಅರ್ಧಕ್ಕಿಂತ ಕೆಳಗೆ ಬಿಡಬೇಡ, ಹೆದರಿಕೆ ಆದ್ರೆ ಕೂದಲೆಳೆಯಷ್ಟು ಸಡಿಲ ಮಾಡು ಅಂದೆ. ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಇಡೀ ತಿರುವು ಹಿಡಿದ. ಅನ್ನ ಆರಿಹೋದ್ರೂ ಎದ್ದು ಬರ್ಲಿಲ್ಲ, ಅಕ್ಕನ ಕೈಲಿ ನನಗೂ ಬೈಗುಳ.

ಲೆಕ್ಕ ಇಷ್ಟೇ. ಗಾಡಿ ನೇರ ಆಗ್ತಾ ಇದ್ರೆ ರೇಸ್ ಸ್ವಲ್ಪ ಜಾಸ್ತಿ. ಗಿರಕಿ ಹೊಡೆಯೋ ಲಕ್ಷಣ ಕಂಡ್ರೆ ಉಲ್ಟಾ ಸ್ಟೇರಿಂಗ್ ಇನ್ನಷ್ಟು, ರೇಸ್ ಸ್ವಲ್ಪ ಕಡಿಮೆ. ಒಂದು ಡ್ರಿಫ್ಟಿಂದ ಎದುರು ದಿಕ್ಕಿನ ಡ್ರಿಫ್ಟಿಗೆ ದಾಟುವಾಗ ಮಾತ್ರ ಒಂದು ಕ್ಷಣ ಎಕ್ಸಲರೇಟರ್ ಬಿಡಿ, ಗಾಡಿ ತಾನೇ ತೂಗಿ ಬರುತ್ತೆ. ಫೋರ್ಸ್ ಫೀಡ್‌ಬ್ಯಾಕ್ ಇರೋ, ಅಂದ್ರೆ ಗಾಡಿಯ ಎಳೆತ ಕೈಗೆ ಗೊತ್ತಾಗೋ, ಗೇಮ್ ಸ್ಟೇರಿಂಗ್ ವೀಲ್ ಇದ್ರೆ ಅಲ್ಲಿ ಗಟ್ಟಿಯಾಗಿ ಹಿಡ್ಕೋಬೇಡಿ. ಜಾರೋ ಗಾಡಿಯ ಮುಂದಿನ ಚಕ್ರ ತಾನಾಗಿ ಹೋಗ್ತಿರೋ ದಿಕ್ಕಿಗೆ ತಿರುಗೋಕೆ ನೋಡುತ್ತೆ. ವೀಲನ್ನ ಅಂಗೈಯಲ್ಲಿ ಓಡೋಕೆ ಬಿಟ್ಟು ಬೇಕಾದಲ್ಲಿ ಹಿಡಿದು ನಿಲ್ಲಿಸಿ.

ಫೋರ್ಜಾ ಹೊರೈಜನ್ ಆಡೋರು ಟ್ರ್ಯಾಕ್ಷನ್ ಕಂಟ್ರೋಲ್, ಸ್ಟೆಬಿಲಿಟಿ ಕಂಟ್ರೋಲ್ ಎರಡೂ ಆಫ್ ಮಾಡಿ. ಅವು ಇರೋದೇ ಜಾರದಂತೆ ನೋಡ್ಕೊಳ್ಳೋಕೆ. ಗೇರ್ ಮ್ಯಾನುಯಲ್ ಇರ್ಲಿ. ಆಟೋಮ್ಯಾಟಿಕ್ ಆದ್ರೆ ನಡು ತಿರುವಲ್ಲಿ ಗೇರ್ ಬದಲಾಗಿ ಚಕ್ರದ ವೇಗ ಬಿದ್ದುಹೋಗುತ್ತೆ. ಕಲಿಯುವಾಗ ಎರಡು, ಮೂರನೇ ಗೇರಲ್ಲೇ ಇರಿ. ಟ್ಯೂನಿಂಗಲ್ಲಿ ಒಂದೇ ಒಂದು ಮುಟ್ಟೋದಾದ್ರೆ ಎಡ ಬಲ ಚಕ್ರಕ್ಕೆ ಪವರ್ ಹಂಚೋ ಡಿಫರೆನ್ಷಿಯಲ್ ಮುಟ್ಟಿ, ಎರಡೂ ಹಿಂದಿನ ಚಕ್ರ ಒಟ್ಟಿಗೆ ತಿರುಗೋಹಾಗೆ ಬಿಗಿ ಮಾಡಿ. ಸಡಿಲ ಇದ್ರೆ ಒಳಗಿನ ಚಕ್ರ ಒಂದೇ ಸುಮ್ನೆ ತಿರುಗಿ ಪವರ್ ಪೋಲಾಗುತ್ತೆ.

ಆಸ್ಫಾಲ್ಟ್, ಮಾರಿಯೊ ಕಾರ್ಟ್ ಅನ್ನೋ ಗೇಮ್‌ಗಳು ಬೇರೆ ಜಾತಿ. ಅಲ್ಲಿ ಬಟನ್ ಒತ್ತಿದ್ರೆ ಡ್ರಿಫ್ಟ್, ಮಾಡಿದ್ದಕ್ಕೆ ವೇಗದ ಬಹುಮಾನ. ಮಜಾ ಇದೆ, ಮಕ್ಕಳ ಜೊತೆ ನಾನೂ ಆಡ್ತೀನಿ. ಆದ್ರೆ ಡಾಂಬರಿನ ಮೇಲೆ ಡ್ರಿಫ್ಟ್ ಮಾಡಿದ್ರೆ ಸಾಮಾನ್ಯವಾಗಿ ಟೈಮ್ ಹೋಗೋದೇ ಹೊರತು ಉಳಿಯಲ್ಲ. ಅದಕ್ಕೇ 2004ರಿಂದ ನಡೀತಿರೋ ಫಾರ್ಮುಲಾ ಡ್ರಿಫ್ಟ್ ಸ್ಪರ್ಧೆಯಲ್ಲಿ ಮೊದಲು ಬಂದವನಿಗೆ ಅಂತ ಅಂಕ ಇಲ್ಲ. ಗಾಡಿ ಹೋದ ಲೈನು, ಜಾರಿದ ಕೋನ, ಓಡಿಸಿದ ಶೈಲಿ ನೋಡಿ ತೀರ್ಪುಗಾರರು ಅಂಕ ಕೊಡ್ತಾರೆ.

ಜಪಾನಿನಲ್ಲಿ 1970ರ ದಶಕದಲ್ಲಿ ರೇಸರ್ ಕುನಿಮಿತ್ಸು ತಕಾಹಾಶಿ ರೇಸ್ ಟ್ರ್ಯಾಕಲ್ಲಿ ಜಾರಿಸಿದ್ದನ್ನ ಕೇಯಿಚಿ ತ್ಸುಚಿಯಾ ಬೆಟ್ಟದ ರಸ್ತೆಯಲ್ಲಿ ಅಭ್ಯಾಸ ಮಾಡಿ ಹೆಸರು ಮಾಡಿದ್ರು. ಇದನ್ನ ಓದಿ ಸಂಪಾಜೆ ಘಾಟಿಗೋ ಮಾಕುಟ್ಟಕ್ಕೋ ಕಾರ್ ತಗೊಂಡು ಹೋಗೋ ಯೋಚನೆ ಯಾರಿಗಾದ್ರೂ ಬಂದಿದ್ರೆ, ಎದುರಿಂದ ಮಂಜಿನಲ್ಲಿ ಬರೋದು ಮಂಗಳೂರಿನ ಬಸ್ಸು ಇಲ್ಲ ಮರದ ಲಾರಿ. ರೀಸ್ಟಾರ್ಟ್ ಬಟನ್ ಇಲ್ಲ.

ಕೀಬೋರ್ಡಲ್ಲಿ ಆಡೋರು ಬೈಕೋಬೇಡಿ, ನಿಮ್ಮನ್ನ ಮರೆತಿಲ್ಲ. ಕೀ ಒತ್ತಿದ್ರೆ ಪೂರ್ತಿ, ಬಿಟ್ರೆ ಸೊನ್ನೆ, ಅರ್ಧ ರೇಸ್ ಅನ್ನೋದೇ ಇಲ್ಲ. ಒತ್ತಿ ಬಿಟ್ಟು ಒತ್ತಿ ಬಿಟ್ಟು ತಾಳ ಹಿಡೀಬೇಕು. ಮೊಬೈಲಲ್ಲಿ ಕಾರ್‌ಎಕ್ಸ್ ಆಡೋರಿಗೂ ಗ್ಯಾಸ್ ಬಟನ್ ಮೇಲೆ ಇದೇ ತಾಳ ಉಪಯೋಗಕ್ಕೆ ಬರುತ್ತೆ. ಸಾಧ್ಯ ಆದ್ರೆ ಟ್ರಿಗರ್ ಇರೋ ಹಳೇ ಕಂಟ್ರೋಲರ್ ಒಂದು ಹುಡುಕಿ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಬಲಗಡೆ ಟ್ರಿಗರನ್ನ ನಿಧಾನ ಒತ್ತಿ, ಕಂಟ್ರೋಲರ್ ಟೆಸ್ಟ್ ಮಾಡೋ ಸ್ಕ್ರೀನಲ್ಲಿ ಎಷ್ಟು ಒತ್ತಿದ್ದೀರಿ ಅಂತ ತೋರಿಸೋ ಗೆರೆ ಏರುಪೇರಿಲ್ಲದೆ ಮೇಲಕ್ಕೆ ಹೋಗುತ್ತಾ ನೋಡಿ. ಜಿಗಿದು ಜಿಗಿದು ಹೋದ್ರೆ ಅಲ್ಲೇ ವಾಪಸ್ ಕೊಡಿ.