ಜಾಲಿ ಗಿಡದ ಕೆಳಗೊಂದು ರೊಟ್ಟಿ

ಜೂನ್ ಮೊದಲ ವಾರ ನನಗೆ ವರ್ಷದಲ್ಲೇ ಕಷ್ಟದ ವಾರ. ಬೆಳಿಗ್ಗೆ ಎಂಟಕ್ಕೆ ಬಳ್ಳಾರಿಯ ನಮ್ಮ ಬೀದಿಯ ತುಂಬ ಶಾಲೆಯ ಆಟೊಗಳು. ಹೊಸ ಬೂಟು, ಹೊಸ ಚೀಲ, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಎರಡು ಜಡೆ. ಎದುರು ಮನೆಯ ಹುಡುಗ ಆಟೊ ಹತ್ತುವಾಗ ನನ್ನ ಮಗನ ಕಡೆ ಕೈ ಬೀಸುತ್ತಾನೆ. ಗೇಟಿನ ಸರಳು ಹಿಡಿದು ನಿಂತ ನನ್ನ ಮಗನೂ ಕೈ ಬೀಸುತ್ತಾನೆ. ಎಂಟೂವರೆಗೆ ಬೀದಿ ಖಾಲಿ. ನಾನು ಮಾಡುತ್ತಿರುವುದು ಸರಿಯೇ ಎಂಬ ಪ್ರಶ್ನೆ ಆ ಖಾಲಿ ಬೀದಿಯಿಂದ ಎದ್ದು ಮನೆಯೊಳಗೆ ಬರುತ್ತದೆ.

ಇದು ನಮ್ಮ ಐದನೆಯ ಜೂನ್. ಮೂವರು ಮಕ್ಕಳು: ಹನ್ನೆರಡರ ಮಗಳು, ಒಂಬತ್ತರ ಮಗ, ನಾಲ್ಕರ ಕಿರಿಯಳು. ಮದುವೆಗೆ ಮುಂಚೆಯೂ ಆಮೇಲೂ ಸೇರಿ ಆರು ವರ್ಷ ನಾನು ಶಾಲೆಯಲ್ಲೇ ಪಾಠ ಹೇಳಿದವಳು. ಗಂಡನಿಗೆ ತೋರಣಗಲ್ಲಿನಲ್ಲಿ ಪಾಳಿ ಕೆಲಸ. ಮನೆಯಲ್ಲೇ ಕಲಿಸುತ್ತೇವೆ ಎಂದು ನಾವಿಬ್ಬರೂ ಪ್ರಾರ್ಥನೆ ಮಾಡಿ, ಲೆಕ್ಕ ಹಾಕಿ, ಮತ್ತೆ ಪ್ರಾರ್ಥನೆ ಮಾಡಿ ತೀರ್ಮಾನಿಸಿದೆವು. ಆ ತೀರ್ಮಾನದ ಬಗ್ಗೆ ನನಗೆ ಇಂದಿಗೂ ಅನುಮಾನವಿಲ್ಲ. ಆದರೆ ಅನುಮಾನವಿಲ್ಲದ ಕೆಲಸದಲ್ಲೂ ಮನುಷ್ಯ ಸೋತು ಕೂರುತ್ತಾನೆ. ಈ ಬರಹ ಆ ಸೋಲಿನ ಬಗ್ಗೆ.

ಮೊನ್ನೆ ಕೊಪ್ಪಳದ ತಂಗಿಯೊಬ್ಬಳು ಮೆಸೇಜ್ ಕಳಿಸಿದಳು. ಇಬ್ಬರು ಮಕ್ಕಳಿಗೆ ಮನೆಯಲ್ಲೇ ಕಲಿಸಲು ಶುರುಮಾಡಿ ಎಂಟು ತಿಂಗಳಾಗಿದೆ. "ಅಕ್ಕಾ, ಮನಸ್ಸು ಕುಸಿದಿದೆ. ಒಂದು ಪ್ರೋತ್ಸಾಹದ ವಚನ ಕಳಿಸಿ" ಎಂದು ಬರೆದಿದ್ದಳು. ನಾನು ಮೊಬೈಲ್ ಹಿಡಿದು ಬಹಳ ಹೊತ್ತು ಕೂತೆ. ಬೈಬಲಿನ ವಚನಗಳು ನನಗೆ ಗೊತ್ತಿಲ್ಲವೆಂದಲ್ಲ. ಅವಳಿಗೂ ಗೊತ್ತು. ಗೊತ್ತಿರುವುದನ್ನೇ ಮತ್ತೆ ಕಳಿಸಿ, ಕೆಳಗೆ ಕೈಮುಗಿದ ಚಿತ್ರ ಹಾಕಿ, ಕರ್ತವ್ಯ ಮುಗಿಯಿತು ಎಂದುಕೊಳ್ಳಲು ನನ್ನ ಕೈ ಬರಲಿಲ್ಲ.

ಹೋದ ವರ್ಷದ ಏಪ್ರಿಲ್ ನೆನಪಾಯಿತು. ನಳದಲ್ಲಿ ನೀರು ಬಂದು ಎಂಟು ದಿನವಾಗಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಕರೆಂಟು ಹೋಗಿತ್ತು. ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಒಳಕೋಣೆಯಲ್ಲಿ ಮಲಗಿದ್ದರು, ಆದ್ದರಿಂದ ಎಲ್ಲರೂ ಪಿಸುಮಾತಿನಲ್ಲಿ ಮಾತಾಡಬೇಕು. ಕಿರಿಯಳಿಗೆ ಮೈತುಂಬ ಬೆವರುಸಾಲೆ. ಮಗನ ಮುಂದೆ ಒಂದೇ ಒಂದು ಲೆಕ್ಕ: 302ರಲ್ಲಿ 178 ಕಳೆಯಬೇಕು. ಎರಡರಲ್ಲಿ ಎಂಟು ಹೋಗುವುದಿಲ್ಲ, ಪಕ್ಕದ ಮನೆಯಿಂದ ಎರವಲು ತಾ ಎಂದೆ. ಅವನು ನೋಡಿದ. "ಪಕ್ಕದಲ್ಲಿ ಸೊನ್ನೆ ಇದೆ ಅಮ್ಮಾ. ಅದರ ಹತ್ತಿರವೇ ಏನೂ ಇಲ್ಲ, ಅದು ಹೇಗೆ ಕೊಡುತ್ತದೆ?" ಎಂದ. ಒಳ್ಳೆಯ ಪ್ರಶ್ನೆ. ಬೇರೆ ದಿನವಾಗಿದ್ದರೆ ಅವನನ್ನು ತಬ್ಬಿಕೊಳ್ಳುತ್ತಿದ್ದೆ. ಅಂದು ಮೂರು ಸಲ ಹೇಳಿದೆ, ನಾಲ್ಕನೆಯ ಸಲ ಪುಸ್ತಕವನ್ನು ಅವನ ಮುಂದೆ ಬಡಿದು ಹಾಕಿದೆ. ಹಾಳೆ ಹರಿಯಿತು. ಅವನು ಅಳಲಿಲ್ಲ. ಹರಿದ ಹಾಳೆಯ ಎರಡು ತುದಿಯನ್ನು ಬೆರಳಿನಿಂದ ಸೇರಿಸಿ ಹಿಡಿದು ಕೂತ. ನಾನು ಅಡುಗೆಮನೆಗೆ ಹೋಗಿ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತೆ.

ಅಂದು ಸಂಜೆ ಕೌಲ್‌ಬಜಾರಿನ ಕಡೆಯಿಂದ ನಮ್ಮ ಕ್ರೈಸ್ತ ಸಭೆಯ ಹಿರಿಯ ತಾಯಿಯೊಬ್ಬರು ಬಂದರು. ನಾನು ಎರಡು ಭಾನುವಾರ ಸಭೆಗೆ ಹೋಗಿರಲಿಲ್ಲ, ಫೋನ್ ಎತ್ತಿರಲಿಲ್ಲ. ಮೊಮ್ಮಗನ ಸ್ಕೂಟರಿನಲ್ಲಿ ಇಪ್ಪತ್ತು ಲೀಟರಿನ ನೀರಿನ ಕ್ಯಾನ್, ಕೈಯಲ್ಲಿ ಬಟ್ಟೆ ಸುತ್ತಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಲೆ. ನನ್ನ ಮುಖ ನೋಡಿದರು. ಏನಾಯಿತು ಎಂದು ಕೇಳಲಿಲ್ಲ. "ಉಂಡು ಮಲಗು" ಎಂದರು. ನಾನು ಎರಡು ರೊಟ್ಟಿ ತಿಂದು ನೆಲದ ಮೇಲೆಯೇ ಮಲಗಿದೆ. ಎಚ್ಚರವಾದಾಗ ಕತ್ತಲಾಗಿತ್ತು. ಮಾಳಿಗೆಯ ಮೇಲೆ ಅವರು ಮಕ್ಕಳನ್ನು ಕೂರಿಸಿಕೊಂಡು ಶೇಂಗಾ ಬಿಡಿಸುತ್ತಿದ್ದರು. ಏಳನೆಯ ತರಗತಿಗೆ ಶಾಲೆ ಬಿಟ್ಟವರು ಅವರು. ಶೇಂಗಾ ಬೀಜವನ್ನು ಹತ್ತರಂತೆ ಗುಡ್ಡೆ ಮಾಡಿ, ಹತ್ತು ಗುಡ್ಡೆಗೆ ಒಂದು ಬಟ್ಟಲು ಮಾಡಿ, "ಈ ಸೊನ್ನೆಯ ಮನೆಯವರು ಬಡವರು, ಅವರು ಮೊದಲು ತಮ್ಮ ಆಚೆ ಮನೆಯ ಬಟ್ಟಲಿನಿಂದ ತರುತ್ತಾರೆ, ಆಮೇಲೆ ನಿನಗೆ ಕೊಡುತ್ತಾರೆ" ಎನ್ನುತ್ತಿದ್ದರು. ಮಗ 124 ಎಂದು ಕೂಗಿದ್ದು ಕೆಳಗಿನವರೆಗೆ ಕೇಳಿಸಿತು.

ಅದಾದ ಕೆಲವು ದಿನಗಳ ಮೇಲೆ ಕುಟುಂಬ ಪ್ರಾರ್ಥನೆಯಲ್ಲಿ ಬೈಬಲಿನ ಒಂದನೆಯ ಅರಸುಗಳ ಪುಸ್ತಕದ 19ನೆಯ ಅಧ್ಯಾಯ ಬಂತು. ಎಲೀಯನ ಕಥೆ ನನಗೆ ಸಂಡೇ ಸ್ಕೂಲಿನಿಂದ ಬಾಯಿಪಾಠ. ಆದರೂ ಅಂದು ಓದುವಾಗ ಮೈ ಜುಮ್ಮೆಂದಿತು. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಜಯ ಕಂಡ ಪ್ರವಾದಿ, ಒಂದು ಬೆದರಿಕೆಯ ಮಾತಿಗೆ ಓಡುತ್ತಾನೆ. ಬೇರ್ಷೆಬದಲ್ಲಿ ತನ್ನ ಸೇವಕನನ್ನೂ ಬಿಟ್ಟು, ಒಬ್ಬನೇ ಒಂದು ದಿನದ ದಾರಿ ಅರಣ್ಯಕ್ಕೆ ಹೋಗಿ, ಒಂದು ಕುರುಚಲು ಗಿಡದ ಕೆಳಗೆ ಕೂತು ಸಾಕು ಸ್ವಾಮಿ, ನನ್ನ ಪ್ರಾಣ ತೆಗೆದುಕೋ ಎನ್ನುತ್ತಾನೆ. ಆ ಗಿಡ ಓದಿದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಬಳ್ಳಾರಿ ಜಾಲಿ. ನಮ್ಮ ಊರಿನ ಹೆಸರನ್ನೇ ಹೊತ್ತ ಮುಳ್ಳಿನ ಗಿಡ. ಅದರ ಕೆಳಗಿನ ನೆರಳು ಎಷ್ಟು ತೆಳುವಾಗಿರುತ್ತದೆ ಎಂದು ಇಲ್ಲಿ ಬೆಳೆದವರಿಗೆ ಗೊತ್ತು.

ದೇವದೂತ ಬಂದು ಏನು ಮಾಡಿದ? ಗದರಿಸಲಿಲ್ಲ. ನಿನ್ನ ನಂಬಿಕೆ ಎಲ್ಲಿ ಹೋಯಿತು ಎನ್ನಲಿಲ್ಲ. ತಟ್ಟಿ ಎಬ್ಬಿಸಿ, ಊಟ ಮಾಡು ಎಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೆಯ ಸಲವೂ ಬಂದು, ದಾರಿ ನಿನ್ನ ಶಕ್ತಿಗೆ ಮೀರಿದೆ, ಉಣ್ಣು ಎಂದ. ನಾನು ಈ ಮಾತನ್ನು ದಯವಿಟ್ಟು ಗಮನಿಸಿ ಎಂದು ಕೇಳುತ್ತೇನೆ. ದಾರಿ ದೊಡ್ಡದು ಎಂದು ದೇವರ ಕಡೆಯವನೇ ಒಪ್ಪಿಕೊಂಡ. ಕೆಲಸ ಕಷ್ಟವಾಗಿದೆ ಎನ್ನುವುದು ಅವಿಶ್ವಾಸವಲ್ಲ. ದೇವರ ಮೆಲುದನಿಯ ಮಾತು ಬಂದದ್ದು ಅದಾದ ಮೇಲೆ, ನಲವತ್ತು ಹಗಲು ನಲವತ್ತು ರಾತ್ರಿ ನಡೆದು ಹೋರೇಬ್ ಬೆಟ್ಟ ತಲುಪಿದ ಮೇಲೆ.

ನಮ್ಮ ಸಭೆಗಳಲ್ಲಿ ಸೋತ ತಾಯಿಗೆ ಮೊದಲು ಸಿಗುವುದು ವಚನ, ಆಮೇಲೆ ಉಪದೇಶ. ರೊಟ್ಟಿ ಸಿಗುವುದೇ ಅಪರೂಪ. ವಚನವನ್ನು ಹಗುರ ಮಾಡುತ್ತಿಲ್ಲ, ನನ್ನ ಮನೆ ನಿಂತಿರುವುದೇ ಅದರ ಮೇಲೆ. ಧರ್ಮೋಪದೇಶಕಾಂಡ 6ನೆಯ ಅಧ್ಯಾಯದಲ್ಲಿ ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ಹೇಳಿಕೊಡಿ ಎಂಬ ಮಾತಿನಿಂದಲೇ ನಾವು ಹೊರಟದ್ದು. ಆದರೆ ಆ ನಾಲ್ಕು ಹೊತ್ತಿನಲ್ಲಿ ಮಲಗುವುದೂ ಒಂದು ಎನ್ನುವುದನ್ನು ನಾನೇ ನಾಲ್ಕು ವರ್ಷ ಮರೆತಿದ್ದೆ.

ನನ್ನನ್ನು ಹೆಚ್ಚು ದಣಿಸಿದ್ದು ಪಾಠವಲ್ಲ, ಹೋಲಿಕೆ. ಹೊರದೇಶದ ತಾಯಂದಿರ ಮನೆಯ ಚಿತ್ರಗಳು ಮೊಬೈಲಿನಲ್ಲಿ ಬರುತ್ತವೆ. ಮರದ ಕಪಾಟು, ಬಣ್ಣದ ಪೆಟ್ಟಿಗೆ, ಕಿಟಕಿಯಾಚೆ ಹಿಮ. ಇಂಗ್ಲೆಂಡಿನ ಶಾರ್ಲೆಟ್ ಮೇಸನ್ (1842–1923) ಎಂಬ ಶಿಕ್ಷಕಿಯ ವಿಧಾನವನ್ನು ನಮ್ಮಲ್ಲೂ ಅನೇಕ ಕ್ರೈಸ್ತ ತಾಯಂದಿರು ಅನುಸರಿಸುತ್ತಾರೆ, ನಾನೂ ಬಹಳ ಕಲಿತಿದ್ದೇನೆ. ಪಾಠ ಚಿಕ್ಕದಿರಲಿ, ಮಗು ಕೇಳಿದ ಕಥೆಯನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಲಿ, ದಿನಕ್ಕೆ ಹಲವು ಗಂಟೆ ಬಯಲಿನಲ್ಲಿ ಕಳೆಯಲಿ ಎಂದು ಅವರು ಹೇಳಿದರು. ಮೊದಲ ಎರಡು ಮಾತು ಬಳ್ಳಾರಿಗೂ ಸರಿ. ಮೂರನೆಯದನ್ನು ಏಪ್ರಿಲ್ ಬಿಸಿಲಿನಲ್ಲಿ ಅಕ್ಷರಶಃ ಪಾಲಿಸಲು ಹೋಗಿ ಮಕ್ಕಳಿಗೆ ಮೂಗಿನಲ್ಲಿ ರಕ್ತ ಬಂದಿತ್ತು. ಈಗ ಬೇಸಿಗೆಯಲ್ಲಿ ನಮ್ಮ ಪಾಠ ಬೆಳಿಗ್ಗೆ ಐದೂವರೆಗೆ ಶುರುವಾಗಿ ಒಂಬತ್ತಕ್ಕೆ ಮುಗಿಯುತ್ತದೆ. ನಮ್ಮ ಹೊಲದ ಜನ ಸಾವಿರಾರು ವರ್ಷಗಳಿಂದ ಹೀಗೆಯೇ ಬದುಕಿದ್ದಾರೆ. ಅದನ್ನು ಕಲಿಯಲು ನನಗೆ ಮೂರು ಬೇಸಿಗೆ ಬೇಕಾಯಿತು.

ಹಿಮ ಇಲ್ಲದಿದ್ದರೇನು, ನಮ್ಮ ನೆಲದಲ್ಲಿ ಪಾಠ ತುಂಬಿ ತುಳುಕುತ್ತಿದೆ. ಒಂದು ಮುಂಜಾನೆ ಸಂಗನಕಲ್ಲಿನ ಹಿರೇಗುಡ್ಡಕ್ಕೆ ಹೋಗಿದ್ದೆವು. ಹೊಸಶಿಲಾಯುಗದ ಜನ ಬದುಕಿದ ಜಾಗ. ಬಂಡೆಗಳ ಮೇಲೆ ದನಗಳ, ಮನುಷ್ಯರ ಕೆತ್ತನೆಗಳಿವೆ. ಕೆಲವು ಕಪ್ಪು ಬಂಡೆಗಳನ್ನು ತಟ್ಟಿದರೆ ಗಂಟೆಯ ಹಾಗೆ ನಾದ ಬರುತ್ತದೆ. ಅಲ್ಲಿನ ಹಿರಿಯರೊಬ್ಬರು ಸಣ್ಣ ಕಲ್ಲಿನಿಂದ ಮೆಲ್ಲಗೆ ತಟ್ಟಿ ತೋರಿಸಿದರು. ಒಂದು ಸಾಲು ಬರೆಯಲು ಗಂಟೆಗಟ್ಟಲೆ ಒದ್ದಾಡುವ ನನ್ನ ಮಗ ಬಂಡೆಗೆ ಕಿವಿಯಿಟ್ಟು ನಿಂತ. ಮನೆಗೆ ಬಂದವನೇ ಕೇಳದೆಯೇ ನಾಲ್ಕು ಸಾಲು ಬರೆದ. ಎರಡು ಒತ್ತಕ್ಷರ ತಪ್ಪಿದ್ದವು. ನಾನು ತಿದ್ದಲಿಲ್ಲ, ಹಾಗೆಯೇ ಗೋಡೆಗೆ ಅಂಟಿಸಿದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ನಮ್ಮ ಮನೆಯಲ್ಲಿ ಬೇರೆ ಪಾಠವೇ ನಡೆಯಲಿಲ್ಲ. ಮಗಳು ಉದ್ದ ಕಾಗದದಲ್ಲಿ 33 ಗೇಟುಗಳನ್ನೂ ಬರೆದಳು. ಒಂದು ಗೇಟಿನ ಮೇಲಿನ ಒತ್ತಡ ಕಡಿಮೆ ಮಾಡಲು ಉಳಿದ ಗೇಟುಗಳನ್ನೇಕೆ ತೆರೆದರು, ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಸುಮಾರು 105 ಟಿಎಂಸಿ ಮಾತ್ರ ಏಕೆ ಹಿಡಿಯುತ್ತದೆ, ಉಳಿದ ಜಾಗದಲ್ಲಿ ತುಂಬಿದ ಹೂಳು ಎಲ್ಲಿಂದ ಬಂತು ಎಂದು ಅಪ್ಪನ ಜೊತೆ ಕೂತು ಮಾತಾಡಿದರು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದ ಕಾರ್ಮಿಕರಿಗಾಗಿ ನಾಲ್ಕು ದಿನ ಮಲಗುವ ಮುಂಚೆ ಪ್ರಾರ್ಥಿಸಿದರು. ಸಮಾಜ, ವಿಜ್ಞಾನ, ಗಣಿತ, ಭಕ್ತಿ ಅಂದು ಬೇರೆ ಬೇರೆ ಪೀರಿಯಡ್ ಆಗಿ ಬರಲಿಲ್ಲ.

ಜನ ಕೇಳುವ ಪ್ರಶ್ನೆಗಳಿಗೂ ಎರಡು ಮಾತು. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಯಾದದ್ದು 2010ರ ಏಪ್ರಿಲ್ 1ರಿಂದ. 6ರಿಂದ 14 ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎಂದು ಅದರ 10ನೆಯ ಕಲಮು ಹೇಳುತ್ತದೆ. ಸೇರಿಸದ ಪಾಲಕರಿಗೆ ಶಿಕ್ಷೆಯನ್ನು ಅದು ಹೇಳುವುದಿಲ್ಲ. ಈ ನಡುವಿನ ಜಾಗದಲ್ಲಿ ನಾವು ಬದುಕುತ್ತಿದ್ದೇವೆ. ಹೊಸದಾಗಿ ಬರುವವರಿಗೆ ಇದನ್ನು ಮುಚ್ಚಿಡದೆ ಹೇಳಬೇಕು. ಮುಂದೇನು ಎಂಬ ಭಯಕ್ಕೆ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಇದೆ. 14 ತುಂಬಿದ ಮಗು ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಯನ್ನು ಅಲ್ಲಿ ಬರೆಯಬಹುದು. ಐದು ವಿಷಯ, ಐದು ವರ್ಷ, ಒಂಬತ್ತು ಅವಕಾಶ. ಪಾಸಾದ ವಿಷಯ ಪಾಸಾದಂತೆಯೇ ಉಳಿಯುತ್ತದೆ. ಇದು ತಿಳಿದ ದಿನ ನಾನು ನಿಶ್ಚಿಂತೆಯಿಂದ ನಿದ್ದೆ ಮಾಡಿದೆ.

ನಮ್ಮವರಲ್ಲೇ ಕೆಲವರು ಶಾಲೆ ಎಂದರೆ ಪಾಪದ ಮನೆ ಎನ್ನುವಂತೆ ಮಾತಾಡುತ್ತಾರೆ. ನಾನು ಒಪ್ಪುವುದಿಲ್ಲ. ನನ್ನ ಮಕ್ಕಳ ಅತ್ಯಂತ ಪ್ರಾಮಾಣಿಕ ಗೆಳೆಯ ಆ ಎದುರು ಮನೆಯ ಹುಡುಗನೇ. ಇನ್ನು ತಾಳ್ಮೆಯ ಮಾತು. ಲಂಡನ್ ಮಿಷನ್ನಿನ ಪಾದ್ರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಇದೇ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಜೊತೆಗಾರರೊಂದಿಗೆ ದುಡಿದು, ಸಂಪೂರ್ಣ ಕನ್ನಡ ಬೈಬಲ್ ಕೈಗೆ ಬಂದದ್ದು 1831ರಲ್ಲಿ. ಇಪ್ಪತ್ತೊಂದು ವರ್ಷ. ನನ್ನ ಮಗ ಇನ್ನೂ ಸರಾಗವಾಗಿ ಓದುವುದಿಲ್ಲ ಎಂದು ಐದನೆಯ ವರ್ಷಕ್ಕೆ ಎದೆ ಬಡಿದುಕೊಳ್ಳುವಾಗ ಈ ಲೆಕ್ಕ ನನಗೆ ಬೇಕಾಗುತ್ತದೆ.

ಮೆಥಡಿಸ್ಟ್ ಪಂಥ ಹುಟ್ಟುಹಾಕಿದ ಜಾನ್ ವೆಸ್ಲಿಯ ತಾಯಿ ಸುಸಾನಾ ಹತ್ತೊಂಬತ್ತು ಮಕ್ಕಳನ್ನು ಹೆತ್ತು, ಅವರಲ್ಲಿ ಅರ್ಧದಷ್ಟನ್ನು ಎಳೆಯ ಪ್ರಾಯದಲ್ಲೇ ಕಳೆದುಕೊಂಡು, ಉಳಿದವರಿಗೆ ಮನೆಯಲ್ಲೇ ಕಲಿಸಿದರು. ವಾರದ ಒಂದೊಂದು ಸಂಜೆ ಒಂದೊಂದು ಮಗುವಿನ ಜೊತೆ ಮಾತ್ರ ಕೂರುತ್ತಿದ್ದರು. ಜಾನ್‌ನ ಪಾಲಿಗೆ ಗುರುವಾರ. ಆ ಗುರುವಾರಗಳನ್ನು ಅವರು ದೊಡ್ಡವರಾದ ಮೇಲೂ ನೆನೆದರು. ನಾನು ಇದನ್ನು ತೆಗೆದುಕೊಂಡಿದ್ದೇನೆ. ನಮ್ಮಲ್ಲಿ ಬುಧವಾರ ಮಗನದು. ಆ ಅರ್ಧ ಗಂಟೆ ಪುಸ್ತಕವಿಲ್ಲ, ತಿದ್ದುವುದಿಲ್ಲ. ಕೋಟೆಯ ಗುಡ್ಡ ಕಾಣುವ ಹಾಗೆ ಮಾಳಿಗೆಯ ಮೇಲೆ ಕೂತು ಅವನು ಹೇಳಿದ್ದನ್ನು ಕೇಳುತ್ತೇನೆ. ಸುಸಾನಾ ಪ್ರಾರ್ಥಿಸಲು ಬೇರೆ ಜಾಗ ಸಿಗದೆ ಏಪ್ರನ್ನನ್ನೇ ತಲೆಯ ಮೇಲೆ ಹೊದ್ದುಕೊಳ್ಳುತ್ತಿದ್ದರಂತೆ. ನಮಗೆ ಸೆರಗಿದೆ.

ಎಲೀಯ ಹೋರೇಬಿನ ಗವಿಯಲ್ಲಿ ನಾನೊಬ್ಬನೇ ಉಳಿದಿದ್ದೇನೆ ಎಂದ. ಅರಮನೆಯ ಮೇಲ್ವಿಚಾರಕ ಓಬದ್ಯನು ನೂರು ಮಂದಿ ಪ್ರವಾದಿಗಳನ್ನು ಗವಿಗಳಲ್ಲಿ ಅಡಗಿಸಿ ರೊಟ್ಟಿ ನೀರು ಕೊಟ್ಟು ಸಾಕಿದ್ದನ್ನು ಅದಕ್ಕೆ ಸ್ವಲ್ಪವೇ ಮುಂಚೆ ಅವನ ಕಿವಿಗೆ ಹೇಳಿದ್ದರು. ದಣಿದವನಿಗೆ ಅದು ನೆನಪಾಗಲಿಲ್ಲ. ಏಳು ಸಾವಿರ ಮಂದಿ ಇದ್ದಾರೆ ಎಂದು ದೇವರೇ ಹೇಳಬೇಕಾಯಿತು. ಬಳ್ಳಾರಿಯಲ್ಲಿ ನಾವು ಈಗ ನಾಲ್ಕು ಕುಟುಂಬ. ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಮಕ್ಕಳೆಲ್ಲ ಸೇರುತ್ತಾರೆ, ಒಬ್ಬ ತಾಯಿ ಮಲಗುತ್ತಾಳೆ. ಇದು ನಮ್ಮ ನಿಯಮ, ಯಾರೂ ನಾಚಿಕೊಳ್ಳುವುದಿಲ್ಲ.

ಕೊಪ್ಪಳದ ತಂಗಿಗೆ ನಾನು ವಚನ ಕಳಿಸಲಿಲ್ಲ. ಶನಿವಾರ ಬೆಳಗಿನ ರೈಲಿಗೆ ಬರುತ್ತೇವೆ ಎಂದು ಬರೆದೆ. ಹೊಸಪೇಟೆ ದಾಟಿದ ಮೇಲೆ ಗೇಟು ಎಣಿಸಬೇಕೆಂದು ಮಗ ಕಿಟಕಿಯ ಪಕ್ಕದ ಜಾಗಕ್ಕೆ ಈಗಲೇ ಜಗಳ ಶುರುಮಾಡಿದ್ದಾನೆ. ಜೋಳ ಬೀಸಿಸಿಟ್ಟಿದ್ದೇನೆ. ಹಂಚು ಅವಳ ಮನೆಯಲ್ಲಿದೆಯಂತೆ.